ಗಂಜ್‌ನಿಂದ ಗಂಗಾಳದವರೆಗೆ: ಕಲಬುರಗಿಯಲ್ಲಿ ಜೋಳ, ತೊಗರಿಬೇಳೆ ಕೊಂಡು ರೊಟ್ಟಿ ಊಟ ಮಾಡುವ ಸಮಗ್ರ ಮಾರ್ಗದರ್ಶಿ

ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಎತ್ತಿದರೆ ಹರಿಯುತ್ತದೆ. ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡು. ವರ್ಗವಾಗಿ ಕಲಬುರಗಿಗೆ ಬಂದವರು, ಹೊಸದಾಗಿ ಮನೆ ಮಾಡಿದವರು, ಇಲ್ಲೇ ಹುಟ್ಟಿ ಬೆಳೆದ ಹುಡುಗರು ಕೂಡ ಇದೇ ದೂರು ಹೇಳುತ್ತಾರೆ. ಎಲ್ಲರೂ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ವಿಡಿಯೋ ಹಾಕಿಕೊಂಡು ಬಡಿಯುವುದನ್ನು ಮತ್ತೆ ಕಲಿಯುತ್ತಾರೆ. ಆದರೆ ಬಹಳ ಸಲ ರೊಟ್ಟಿ ಕೆಟ್ಟಿರುವುದು ಜೋಳ ಕೊಳ್ಳುವಾಗ. ಇಲ್ಲವೇ ಗಿರಣಿಯಲ್ಲಿ. ಬೇಳೆ ಬೇಯದಿರುವ ಕಥೆಯೂ ಹಾಗೇ, ಅದು ಅಂಗಡಿಯಲ್ಲಿ ಇಲ್ಲವೇ ನಲ್ಲಿಯಲ್ಲಿ ಶುರುವಾಗಿರುತ್ತದೆ. ಹಾಗಾಗಿ ಇಲ್ಲಿ ಹಂಚಿನ ಹತ್ತಿರ ತಡವಾಗಿ ಬರೋಣ. ಮೊದಲು ಚೀಲ ಹಿಡಿದು ಹೊರಡೋಣ.

## ಮನೆಯಲ್ಲಿ ಏನೇನು ಇರಬೇಕು

ಕಾಳು ಕೇರುವ ಒಂದು ಮರ (ಮೊರ), ಒಂದು ಜರಡಿ, ಗಟ್ಟಿ ಮುಚ್ಚಳದ ಎರಡು ಡಬ್ಬಿ. ಹಿಟ್ಟು ನಾದಲು ಅಗಲದ ಪರಾತ. ಕಬ್ಬಿಣದ ದಪ್ಪ ಹಂಚು. ತೆಳ್ಳಗಿನ ನಾನ್‌ಸ್ಟಿಕ್ ತವೆಯಲ್ಲಿ ಜೋಳದ ರೊಟ್ಟಿ ಮಾಡಲು ಹೋಗಬೇಡಿ. ರೊಟ್ಟಿಗೆ ಬೇಕಾದ ಉರಿ ಅದು ತಡೆಯುವುದಿಲ್ಲ. ನೀರು ಹಚ್ಚಲು ಅಂಗೈ ಅಗಲದ ಹತ್ತಿ ಬಟ್ಟೆ ಬೇಕು. ರೊಟ್ಟಿ ಸುತ್ತಿಡಲು ಇನ್ನೊಂದು ದೊಡ್ಡ ಬಟ್ಟೆ ಮತ್ತು ಬುಟ್ಟಿ. ಸಂತೆಗೆ ಹೋಗುವಾಗ ಎರಡು ಬೇರೆ ಚೀಲ ಒಯ್ಯಿರಿ. ಕಾಳಿನ ಚೀಲದಲ್ಲಿ ಹಸಿ ಸೊಪ್ಪು ಹಾಕಿದರೆ ಕಾಳಿಗೆ ಪಸೆ ಹತ್ತುತ್ತದೆ.

## ಹಂತ 1: ಯಾವಾಗ, ಎಷ್ಟು, ಎಲ್ಲಿ

ರೊಟ್ಟಿಗೆ ಒಳ್ಳೆಯದು ಹಿಂಗಾರಿ ಬಿಳಿಜೋಳ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿದ್ದು ಫೆಬ್ರುವರಿ, ಮಾರ್ಚ್ ಹೊತ್ತಿಗೆ ರಾಶಿಯಾಗುತ್ತದೆ. ವರ್ಷದ ಕಾಳು ತುಂಬಿಕೊಳ್ಳುವವರಿಗೆ ಮಾರ್ಚ್–ಏಪ್ರಿಲ್ ಸರಿಯಾದ ಕಾಲ. ಕಾಳು ಹೊಸದು, ಬಿಸಿಲೂ ಬಿಟ್ಟಿ. ತೊಗರಿ ಅದಕ್ಕಿಂತ ಮೊದಲೇ, ಡಿಸೆಂಬರ್–ಜನವರಿಯಲ್ಲಿ ಬರುತ್ತದೆ. ಹೊಸ ಬೇಳೆ ಬೇಕೆಂದರೆ ಅದರ ನಂತರದ ತಿಂಗಳುಗಳಲ್ಲಿ ಕೊಳ್ಳಿ.

ಒಂದು ಕಿಲೋ ಹಿಟ್ಟಿಗೆ ಸುಮಾರು 12 ರೊಟ್ಟಿ ಬರುತ್ತವೆ. ತೆಳ್ಳಗೆ ಬಡಿದರೆ ಒಂದೆರಡು ಜಾಸ್ತಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದೇ ಹೊತ್ತು ರೊಟ್ಟಿ ಆದರೆ ತಿಂಗಳಿಗೆ 20–25 ಕಿಲೋ ಜೋಳ ಹಿಡಿಯಿರಿ. ಬಾಡಿಗೆ ಮನೆ, ಜಾಗ ಇಲ್ಲ ಎನ್ನುವವರು ವರ್ಷದ ಚೀಲದ ಆಸೆ ಬಿಡಿ. ತಿಂಗಳ ಕಾಳು ತನ್ನಿ, ಸಾಕು.

ನಗರದ ಸಗಟು ಕಾಳಿನ ಪೇಟೆ ನೆಹರು ಗಂಜ್‌ನಲ್ಲಿ ಕಾಳು ಬೇಳೆಗೆ ಆಯ್ಕೆ ಜಾಸ್ತಿ. ಅಲ್ಲಿ ಹರಾಜಿನಲ್ಲಿ ಕೂಗುವವರು ಲೈಸೆನ್ಸ್ ಇರುವ ವ್ಯಾಪಾರಿಗಳು. ನಮ್ಮ ನಿಮ್ಮಂಥವರು ಚಿಲ್ಲರೆ ಕೊಡುವ ಅಂಗಡಿಗಳಲ್ಲೇ ಕೊಳ್ಳಬೇಕು. ತರಕಾರಿ, ಸೊಪ್ಪಿಗೆ ಸೂಪರ್ ಮಾರ್ಕೆಟ್ ಕಡೆ ಅಥವಾ ಕಣ್ಣಿ ಮಾರ್ಕೆಟ್. ಈ ಅನುಕ್ರಮ ತಪ್ಪಿಸಬೇಡಿ: ಮೊದಲು ಕಾಳು, ಆಮೇಲೆ ಬೇಳೆ, ಕಟ್ಟಕಡೆಗೆ ಸೊಪ್ಪು. ಏಪ್ರಿಲ್ ಬಿಸಿಲಿನಲ್ಲಿ ಪುಂಡಿ ಸೊಪ್ಪಿನ ಕಟ್ಟನ್ನು ಸ್ಕೂಟರ್‌ಗೆ ನೇತುಹಾಕಿ ಅರ್ಧ ಗಂಟೆ ಜೋಳದ ಚೌಕಾಸಿ ಮಾಡಿದರೆ ಮನೆಗೆ ಬರುವುದು ಬೇಯಿಸಿದ ಪುಂಡಿಯೇ.

## ಹಂತ 2: ಜೋಳ ನೋಡುವುದು

ಇದೇ ಮುಖ್ಯ ಹಂತ. ಇಲ್ಲಿ ಹತ್ತು ನಿಮಿಷ ಕಳೆದರೆ ಮುಂದೆ ತಿಂಗಳಿಡೀ ತಲೆನೋವು ಇಲ್ಲ.

ಅಂಗಡಿಯವರು 'ಮಾಲ್ದಂಡಿ' ಎನ್ನುತ್ತಾರೆ. ಎಂ 35-1 ಎಂಬ ಹಳೆಯ ಹಿಂಗಾರಿ ತಳಿಯ ಬಳಕೆಯ ಹೆಸರು ಅದು. ಕಾಳು ದಪ್ಪ, ದುಂಡಗೆ, ಮುತ್ತಿನಂಥ ಹೊಳಪು, ಕೆನೆ ಬಣ್ಣ. ಆದರೆ ಹೆಸರನ್ನು ಮಾತ್ರ ನಂಬಬೇಡಿ. ಈಗ ಯಾವ ಬಿಳಿಜೋಳಕ್ಕಾದರೂ ಮಾಲ್ದಂಡಿ ಎಂದೇ ಚೀಟಿ. ಮುಂಗಾರಿ ಹೈಬ್ರಿಡ್ ಜೋಳ ತೆನೆ ಕಟ್ಟುವಾಗ ಮಳೆಗೆ ಸಿಕ್ಕಿದರೆ ಬೂಸು ಹಿಡಿದು ಕಾಳು ಮಂಕಾಗುತ್ತದೆ, ಬೂದು ಅಥವಾ ಕಪ್ಪು ಚುಕ್ಕೆ ಕಾಣುತ್ತವೆ. ಅದರ ರೊಟ್ಟಿ ಬಣ್ಣಗೆಡುತ್ತದೆ, ರುಚಿಯೂ ಅಷ್ಟಕ್ಕಷ್ಟೇ.

ಮೊದಲು ಕೈಯನ್ನು ಮೊಣಕೈವರೆಗೆ ಚೀಲದೊಳಗೆ ಇಳಿಸಿ. ಒಳಗೆ ತಂಪು ಇರಬೇಕು. ಬೆಚ್ಚಗೆ ಹತ್ತಿದರೆ ಕಾಳಿನಲ್ಲಿ ತೇವ ಇದೆ ಅಥವಾ ಹುಳು ಇದೆ. ಕೈ ಹೊರತೆಗೆದಾಗ ಬೂದಿಯಂಥ ಪುಡಿ ಅಂಟಿದ್ದರೆ ಅದು ಬರೀ ಧೂಳಲ್ಲ, ಹುಳು ತಿಂದು ಬಿಟ್ಟ ಹಿಟ್ಟು.

ಒಂದು ಹಿಡಿ ಕಾಳನ್ನು ಬಿಳಿ ಕಾಗದದ ಮೇಲೆ ಹರಡಿ ಬೆಳಕಿಗೆ ಹಿಡಿಯಿರಿ. ತೂತು ಬಿದ್ದ ಕಾಳು, ಕಾಡಿಗೆ ರೋಗ ಹಿಡಿದ ಕಪ್ಪು ಕಾಳು, ನುಚ್ಚು ನೋಡಿ. ಹಿಡಿಯಲ್ಲಿ ನಾಲ್ಕೈದು ತೂತಿನ ಕಾಳು ಸಿಕ್ಕಿದರೂ ಮುಂದಿನ ಅಂಗಡಿಗೆ ನಡೆಯಿರಿ.

ನಾಲ್ಕು ಕಾಳು ಬಾಯಿಗೆ ಹಾಕಿ ಕಚ್ಚಿ. 'ಕಟ್' ಎಂದು ಸದ್ದಾಗಬೇಕು. ಹಲ್ಲು ಮೆತ್ತಗೆ ಇಳಿದರೆ ಕಾಳು ಒಣಗಿಲ್ಲ. ಆಮೇಲೆ ಸುಮ್ನೆ ಜಗಿಯುತ್ತಾ ಇರಿ. ಒಳ್ಳೆಯ ಕಾಳು ಸ್ವಲ್ಪ ಸಿಹಿ ಬಿಟ್ಟು ನಾಲಿಗೆಗೆ ಅಂಟುತ್ತದೆ. ಹಳೆಯದು ಮರಳಿನಂತೆ ಬಾಯಲ್ಲಿ ಬಿಡಿಬಿಡಿಯಾಗಿ ಉಳಿಯುತ್ತದೆ, ಕೊನೆಗೆ ಕಹಿ. ಈ ಅಂಟಿಗೇ ನಮ್ಮ ಕಡೆ 'ಜಿಗಿ' ಎನ್ನುವುದು. ಜಿಗಿ ಇಲ್ಲದ ಜೋಳಕ್ಕೆ ಯಾವ ಕೈಯೂ ರೊಟ್ಟಿ ಬಡಿಯಲಾರದು.

ಕೊನೆಗೆ ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ ಬೇಡ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ ಅದು ಗೋದಾಮಿನಲ್ಲಿ ಹುಳುವಿಗೆ ಇಟ್ಟ ಗುಳಿಗೆಯ ಗಾಳಿ ಇರಬಹುದು. ಆ ಚೀಲ ಮುಟ್ಟಬೇಡಿ.

ನಾನೇ ಒಮ್ಮೆ ಮೋಸಹೋದೆ. 50 ಕಿಲೋ ಚೀಲ, ಬಾಯಿ ಬಿಚ್ಚಿ ತೋರಿಸಿದರು, ಮುತ್ತಿನಂಥ ಕಾಳು. ಹಿಡಿ ತುಂಬ ತೆಗೆದು ನೋಡಿದೆ, ಜಗಿದೆ, ದುಡ್ಡು ಕೊಟ್ಟೆ. ಮೂರನೇ ವಾರ ಡಬ್ಬಿಗೆ ಸುರಿಯುವಾಗ ಕಾಳಿನ ಜೊತೆ ಕಂದು ಬಣ್ಣದ ಸೊಂಡಿ ಹುಳುಗಳು ಸಾಲುಗಟ್ಟಿ ಹೊರಬಂದವು. ತಳದ ಕಾಳು ಹಿಡಿದರೆ ಗಾಳಿಗೆ ಹಾರುವಷ್ಟು ಹಗುರ. ಮೇಲೆ ಹೊಸದು, ಕೆಳಗೆ ಯಾವ ವರ್ಷದ್ದೋ. ವಾಪಸ್ ಒಯ್ದರೆ, "ಮನ್ಯಾಗ ಇಟ್ಟಿದ್ದು ನಿಮ್ಮ ತಪ್ಪ ರೀ" ಎಂಬ ಉತ್ತರ. ಅವತ್ತಿನಿಂದ ಚೀಲಕ್ಕೆ ಚುಚ್ಚಿ ಕಾಳು ಎಳೆಯುವ ಮೊನಚು ಕೊಳವೆ ಇರುತ್ತದಲ್ಲ, ಅದನ್ನು ಕೇಳಿ ತೆಗೆದುಕೊಂಡು ಚೀಲದ ನಡು ಮತ್ತು ತಳದಿಂದಲೂ ಕಾಳು ತೆಗೆಸುತ್ತೇನೆ. ಕೊಡಲು ಮುಖ ಗಂಟಿಕ್ಕಿದರೆ ಅದೇ ಉತ್ತರ.

ತೂಕದ ಮಾತು: ಬಾರದಾನದ (ಖಾಲಿ ಚೀಲದ) ತೂಕ ಕಳೆದಿದ್ದಾರಾ ಕೇಳಿ. ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ ನೋಡಿ.

## ಹಂತ 3: ಚೀಲ ತರುವ ಮೊದಲು ಅರ್ಧ ಕಿಲೋ

ಇದನ್ನು ಎಲ್ಲರೂ ಬಿಡುತ್ತಾರೆ. ಅರ್ಧ ಕಿಲೋ ಮಾತ್ರ ತನ್ನಿ. ಮಿಕ್ಸಿಯಲ್ಲಿ ಎರಡು ರೊಟ್ಟಿಗೆ ಆಗುವಷ್ಟು ನುಣ್ಣಗೆ ತಿರುವಿ ಜರಡಿ ಹಿಡಿಯಿರಿ. ಎರಡು ರೊಟ್ಟಿ ಮಾಡಿ ನೋಡಿ. ಚೆಂದ ಎದ್ದರೆ ಮರುದಿನವೇ ಹೋಗಿ ಅದೇ ಚೀಲದ ಜೋಳ ತನ್ನಿ. ವಾರ ಬಿಟ್ಟು ಹೋದರೆ ಆ ಮಾಲು ಖಾಲಿಯಾಗಿ ಬೇರೆಯದು ಬಂದಿರುತ್ತದೆ, ಮತ್ತೆ ಮೊದಲಿಂದ.

## ಹಂತ 4: ಹಸನು ಮಾಡಿ, ಒಣಗಿಸಿ, ತುಂಬಿ

ಮರದಲ್ಲಿ ಕೇರಿ, ಜರಡಿ ಹಿಡಿದು, ಹರಳು ಆರಿಸಿ. ಮಾಳಿಗೆಯ ಮೇಲೆ ಬಟ್ಟೆ ಹಾಸಿ ತೆಳ್ಳಗೆ ಹರಡಿ ಎರಡು ಮೂರು ದಿನ ಒಳ್ಳೆಯ ಬಿಸಿಲು ಕೊಡಿ. ಮಧ್ಯೆ ಎರಡು ಸಲ ಕೈಯಾಡಿಸಿ. ಸಂಜೆ ಇಬ್ಬನಿಗೆ ಮೊದಲು ಒಳಗೆ ತನ್ನಿ.

ಇಲ್ಲಿ ನಡೆಯುವ ದೊಡ್ಡ ತಪ್ಪು ಒಂದು. ಬಿಸಿಲಿನಿಂದ ತಂದ ಕಾಳನ್ನು ಬಿಸಿಬಿಸಿಯಾಗಿಯೇ ಡಬ್ಬಿಗೆ ತುಂಬಿ ಮುಚ್ಚುತ್ತಾರೆ. ಒಳಗೆ ಬೆವರು ಕಟ್ಟಿ ಬೂಸು ಬರುತ್ತದೆ. ರಾತ್ರಿ ಪೂರ್ತಿ ಆರಬೇಕು. ನಂತರ ಒಣಗಿದ ಬೇವಿನ ಎಲೆ ನಡುನಡುವೆ ಹಾಕಿ ತುಂಬಿ. ಹಸಿ ಎಲೆ ಬೇಡ, ಅದೇ ತೇವ ಬಿಡುತ್ತದೆ. ಡಬ್ಬಿಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ.

ಯಾರಾದರೂ ಕಾಳಿಗೆ ಗುಳಿಗೆ ಇಡಿ ಎಂದರೆ ಕೇಳಬೇಡಿ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ಪಸೆ ತಾಗಿದರೆ ವಿಷದ ಅನಿಲ ಬಿಡುತ್ತದೆ. ಜನ ಮಲಗುವ ಮನೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

## ಹಂತ 5: ಗಿರಣಿ

ಹತ್ತು ಹನ್ನೆರಡು ದಿನಕ್ಕೆ ಆಗುವಷ್ಟು ಮಾತ್ರ ಬೀಸಿಸಿ. ಕಾಳಾಗಿದ್ದಾಗ ತಿಂಗಳುಗಟ್ಟಲೆ ಉಳಿಯುವ ಜೋಳ ಹಿಟ್ಟಾದ ಮೇಲೆ ಬೇಗ ಜಿಗಿ ಕಳೆದುಕೊಳ್ಳುತ್ತದೆ. ಹಿಟ್ಟಿನಲ್ಲಿ ಎಣ್ಣೆಯಂಶ ಇರುವುದರಿಂದ ಬೇಸಿಗೆಯಲ್ಲಿ ಕಹಿಯೂ ಆಗುತ್ತದೆ. ಪ್ಯಾಕೆಟ್ ಹಿಟ್ಟು ಕೊಳ್ಳುವುದೇ ಆದರೆ ಬೆಲೆಗಿಂತ ಮೊದಲು ತಯಾರಾದ ತಾರೀಖು ನೋಡಿ.

ಗಿರಣಿಯವರಿಗೆ ಎರಡು ಮಾತು ಹೇಳಿ. ಒಂದು, ನುಣ್ಣಗೆ ಬೀಸಬೇಕು. ಬೆರಳಿನ ನಡುವೆ ತಿಕ್ಕಿದರೆ ರವೆ ಸಿಗಬಾರದು. ತರಿ ಹಿಟ್ಟಿನ ರೊಟ್ಟಿ ಅಂಚಿನಲ್ಲೇ ಬಿರಿಯುತ್ತದೆ. ಎರಡು, ಬೇರೆಯವರ ಜೋಳದ ಹಿಂದೆಯೇ ನಮ್ಮದು ಹಾಕಲಿ. ಖಾರ ಬೀಸಿದ ಕಲ್ಲಿಗೆ ಜೋಳ ಹಾಕಿಸಿಕೊಂಡು ಬಂದು ಮನೆಮಂದಿಯೆಲ್ಲ ಸೀನಿದ್ದು ನೆನಪಿದ್ದರೆ ಇದನ್ನು ಬೇರೆ ಹೇಳಬೇಕಿಲ್ಲ.

ಹಿಟ್ಟು ಬಿಸಿಯಾಗಿಯೇ ಬರುತ್ತದೆ. ಮನೆಗೆ ತಂದ ಕೂಡಲೇ ಪರಾತದಲ್ಲಿ ಹರಡಿ ಆರಿಸಿ, ಆಮೇಲೆ ಡಬ್ಬಿಗೆ. ಕೈಗೆ ಸುಡುವಷ್ಟು ಬಿಸಿ ಬಂದಿದ್ದರೆ, ಸುಟ್ಟ ವಾಸನೆ ಇದ್ದರೆ ಕಲ್ಲು ಬಿಗಿಯಾಗಿದೆ ಎಂದರ್ಥ. ಮುಂದಿನ ಸಲ ಬೇರೆ ಗಿರಣಿ ನೋಡಿ.

## ಹಂತ 6: ತೊಗರಿಬೇಳೆ ಆರಿಸುವುದು

ತೊಗರಿಯ ಕಣಜದಲ್ಲಿ ಇದ್ದುಕೊಂಡು ಪಾಲಿಶ್ ಬೇಳೆ ತಿನ್ನುವವರು ಬಹಳ ಮಂದಿ. ಇಲ್ಲಿನ ಬೇಳೆಗೆ 2019ರಲ್ಲಿ 'ಗುಲ್ಬರ್ಗಾ ತೊಗರಿಬೇಳೆ' ಹೆಸರಿನಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕಿದೆ. ಆದರೂ ಅಂಗಡಿಯಲ್ಲಿ ಕೈ ಹೋಗುವುದು ಕನ್ನಡಿಯಂತೆ ಹೊಳೆಯುವ ಬೇಳೆಗೇ. ಹೊಳಪು ಬೇಳೆಯ ಗುಣ ಅಲ್ಲ, ಮಿಲ್ಲಿನ ಕೆಲಸ. ಪಾಲಿಶ್ ಮಾಡದ ಬೇಳೆ ಸ್ವಲ್ಪ ಮಂಕು, ಮೈಮೇಲೆ ಹಿಟ್ಟು, ಅಲ್ಲಲ್ಲಿ ಸಿಪ್ಪೆಯ ಚೂರು. ಬಣ್ಣವೂ ಎಲ್ಲ ಕಾಳಿಗೆ ಒಂದೇ ಥರ ಇರುವುದಿಲ್ಲ. ಅದನ್ನೇ ತನ್ನಿ.

ಒಂದು ಚಮಚ ಬೇಳೆಯನ್ನು ಲೋಟದ ನೀರಿನಲ್ಲಿ ಬಿಡಿ. ನೀರು ಬೆಳ್ಳಗೆ ಮಬ್ಬಾದರೆ ಸಹಜ. ತಕ್ಷಣ ಕಡು ಹಳದಿ ಬಿಟ್ಟರೆ ಬಣ್ಣ ಹಾಕಿರಬಹುದು, ಬೇಡ. ಮೇಲೆ ಎಣ್ಣೆ ತೇಲಿದರೆ ಎಣ್ಣೆ ಹಚ್ಚಿದ ಬೇಳೆ. ಹುಳು ಹತ್ತದಿರಲಿ ಎಂದು ಹರಳೆಣ್ಣೆ ಹಚ್ಚುವ ರೂಢಿ ಇದೆ. ಅದು ಮೋಸ ಅಲ್ಲ, ಆದರೆ ಹೇಳಿ ಮಾರಬೇಕು.

ಇನ್ನೊಂದನ್ನು ಕಣ್ಣಲ್ಲೇ ಹಿಡಿಯಬೇಕು. ತೊಗರಿಬೇಳೆಯ ಬೆನ್ನು ದುಂಡಗೆ ಉಬ್ಬಿರುತ್ತದೆ. ಅದರ ನಡುವೆ ಚಪ್ಪಟೆಯಾಗಿ, ಮೂಲೆ ಮೂಲೆಯಾಗಿ, ಬೆಣೆಯಂತೆ ಒಂದು ಕಡೆ ಇಳಿಜಾರಾದ ಬೇಳೆ ಕಂಡರೆ ಅದು ಕೇಸರಿ ಬೇಳೆ ಇರಬಹುದು. ಅದನ್ನು ದಿನವೂ ಬಹಳ ಕಾಲ ತಿಂದರೆ ಕಾಲಿನ ಶಕ್ತಿಯೇ ಹೋಗುವ ಕಾಯಿಲೆ ಬರುತ್ತದೆ. 1961ರಿಂದ ದೇಶದ ಬಹುತೇಕ ಕಡೆ ಅದರ ಮಾರಾಟಕ್ಕೆ ನಿಷೇಧ ಇರುವುದು ಅದಕ್ಕೇ.

## ಹಂತ 7: ಎಸರು ಮತ್ತು ನಾದುವುದು

ಈಗ ಒಲೆ ಹಚ್ಚೋಣ. ಜೋಳದಲ್ಲಿ ಗೋಧಿಯಂತೆ ಗ್ಲುಟೆನ್ ಇಲ್ಲ. ಹಿಟ್ಟನ್ನು ಹಿಡಿದಿಡುವುದು ಬಿಸಿನೀರಿಗೆ ಅರಳುವ ಪಿಷ್ಟ. ಅದಕ್ಕೇ ಎಸರು, ಅಂದರೆ ಹಿಟ್ಟಿಗೆ ಹೊಯ್ಯುವ ನೀರು, ಕುದಿಯಲೇಬೇಕು. 'ಬೆಚ್ಚಗಿನ ನೀರು ಹಾಕಿದೆ' ಎಂದು ಹೇಳುವವರ ರೊಟ್ಟಿ ಯಾಕೆ ಹರಿಯಿತು ಎಂದು ಮತ್ತೆ ಕೇಳಬೇಕಿಲ್ಲ.

ಎರಡು ಬಟ್ಟಲು ಹಿಟ್ಟಿಗೆ ಒಂದೂವರೆ ಬಟ್ಟಲು ನೀರು ಇಡಿ. ಹಿಟ್ಟನ್ನು ಪರಾತದಲ್ಲಿ ಗುಡ್ಡೆ ಮಾಡಿ ನಡುವೆ ಕುಳಿ ತೆಗೆಯಿರಿ. ಸ್ವಲ್ಪ ಹಿಟ್ಟು ಬೇರೆ ಎತ್ತಿಟ್ಟುಕೊಳ್ಳಿ, ಬಡಿಯುವಾಗ ಕೆಳಗೆ ಹರಡಲು ಬೇಕು. ಕುದಿಯುವ ನೀರನ್ನು ಕುಳಿಗೆ ಹೊಯ್ದು ಸುತ್ತಲಿನ ಹಿಟ್ಟನ್ನು ಅದರ ಮೇಲೆ ಮುಚ್ಚಿ. ಎರಡು ನಿಮಿಷ ಮುಟ್ಟಬೇಡಿ. ನಂತರ ಚಮಚದಿಂದ ಕಲಸಿ. ಎಸರು ಪೂರ್ತಿ ಒಮ್ಮೆಲೇ ಸುರಿಯದೆ ಸ್ವಲ್ಪ ಉಳಿಸಿಕೊಳ್ಳುವುದು ಜಾಣತನ. ಹೊಸ ಜೋಳ ಕಡಿಮೆ ನೀರು ಕುಡಿಯುತ್ತದೆ, ಹಳೆಯದು ಜಾಸ್ತಿ.

ಎಲ್ಲ ಹಿಟ್ಟನ್ನೂ ಒಟ್ಟಿಗೆ ನಾದಬೇಡಿ. ಒಂದು ರೊಟ್ಟಿಗೆ ಬೇಕಾದಷ್ಟು ತೆಗೆದು, ಕೈಗೆ ತಣ್ಣೀರು ಮುಟ್ಟಿಸಿಕೊಂಡು, ಅಂಗೈಯ ಬುಡದಿಂದ ಒತ್ತಿ ಮುಂದೆ ತಳ್ಳಿ, ಹಿಂದಕ್ಕೆ ಎಳೆದುಕೊಳ್ಳಿ. ಇಪ್ಪತ್ತು ಮೂವತ್ತು ಸಲ. ಮೊದಲು ಹಿಟ್ಟು ಒರಟಾಗಿ ಬಿಟ್ಟುಬಿಟ್ಟು ಬರುತ್ತದೆ. ಒಂದು ಹೊತ್ತಿನಲ್ಲಿ ಕೈಗೆ ಅಂಟುವುದು ನಿಲ್ಲಿಸಿ ಬೆಣ್ಣೆಯಂತೆ ಜಾರುತ್ತದೆ. ಅದೇ ಗುರುತು. ಉಂಡೆ ಮಾಡಿ ಅಂಗೈಯಲ್ಲಿ ಚಪ್ಪಟೆ ಒತ್ತಿ ನೋಡಿ. ಅಂಚು ಬಿರಿದರೆ ಇನ್ನೂ ನಾದಬೇಕು, ಇಲ್ಲವೇ ಹನಿ ನೀರು ಬೇಕು.

## ಹಂತ 8: ಬಡಿಯುವುದು, ಬೇಯಿಸುವುದು

ಕೆಳಗೆ ಒಣ ಹಿಟ್ಟು ಹರಡಿ, ಉಂಡೆ ಇಟ್ಟು, ಬೆರಳು ಬಿಡಿಸದೆ ಅಂಗೈಯಿಂದ ತಟ್ಟುತ್ತಾ ಸುತ್ತ ತಿರುಗಿಸಿ. ರೊಟ್ಟಿ ತಾನೇ ತಿರುಗುತ್ತಿರಬೇಕು. ನಿಂತರೆ ಅಂಟಿದೆ ಎಂದರ್ಥ, ಎತ್ತಿ ಮತ್ತೆ ಹಿಟ್ಟು ಹಾಕಿ. ಕಲಿಯುವವರು ಮೊದಲ ತಿಂಗಳು ಸಣ್ಣ ರೊಟ್ಟಿ ಮಾಡಲಿ. ಅಮ್ಮನ ಅಗಲಕ್ಕೆ ಮೊದಲ ದಿನವೇ ಹೋಗುವುದು ಬೇಡ, ಅಲ್ವಾ?

ಹಂಚು ಚೆನ್ನಾಗಿ ಕಾದಿರಬೇಕು. ನೀರು ಚಿಮುಕಿಸಿದರೆ ಹನಿ ಕುಣಿದು ಆರಬೇಕು. ಒಣ ಹಿಟ್ಟು ಹತ್ತಿದ ಮೈ ಮೇಲೆ ಬರುವಂತೆ ರೊಟ್ಟಿ ಹಾಕಿ, ಕೂಡಲೇ ಒದ್ದೆ ಬಟ್ಟೆಯಿಂದ ಇಡೀ ಮೈಗೆ ನೀರು ಸವರಿ. ಆ ನೀರು ಅಲ್ಲಲ್ಲಿ ಆರುತ್ತಿದ್ದಂತೆ ತಿರುವಿ ಹಾಕಿ. ಪೂರ್ತಿ ಒಣಗುವವರೆಗೆ ಕಾದರೆ ರೊಟ್ಟಿ ಬಿರಿಯುತ್ತದೆ. ತೀರಾ ಹಸಿಯಾಗಿ ತಿರುವಿದರೆ ಹಂಚಿಗೆ ಅಂಟುತ್ತದೆ. ಎರಡನೇ ಮೈಗೆ ಕಂದು ಚುಕ್ಕೆ ಬಂದ ಮೇಲೆ ಮತ್ತೆ ತಿರುವಿ, ಬಟ್ಟೆಯಿಂದ ಅಂಚು ಒತ್ತಿ ಅಥವಾ ನೇರ ಉರಿಗೆ ಹಿಡಿಯಿರಿ. ಉಬ್ಬುತ್ತದೆ.

ಕೆಟ್ಟರೆ ಹೀಗೆ ಗುರುತು ಹಿಡಿಯಿರಿ. ಮೈಮೇಲೆ ಬಿಳಿ ಪುಡಿ ಉಳಿದಿದ್ದರೆ ನೀರು ಸರಿಯಾಗಿ ಸವರಿಲ್ಲ. ಉಬ್ಬದಿದ್ದರೆ ಎಲ್ಲೋ ತೂತು ಬಿದ್ದಿದೆ, ಇಲ್ಲವೇ ಹಂಚು ಕಾದಿಲ್ಲ. ಎತ್ತುವಾಗ ನಡುವೆ ಹರಿದರೆ ನಾದಿದ್ದು ಸಾಲದು. ನಾದುವುದೂ ಎಸರೂ ಸರಿಯಿದ್ದು ಮತ್ತೆ ಮತ್ತೆ ಬಿರಿದರೆ ಹಿಟ್ಟಿಗೆ ಜಿಗಿ ಇಲ್ಲ. ಇನ್ನು ಕೈಯನ್ನು ಬೈಯುವುದು ಬಿಟ್ಟು ಹಂತ 2ಕ್ಕೆ ಹೋಗಿ. ಡಬ್ಬಿಯಲ್ಲಿರುವ ಹಿಟ್ಟು ಮುಗಿಸಲು ಉಪಾಯ ಇದೆ. ಒಂದು ಹಿಡಿ ಹಿಟ್ಟನ್ನು ಎಸರಿನಲ್ಲೇ ಗಂಜಿಯಂತೆ ಕುದಿಸಿ, ಆ ಗಂಜಿಯಲ್ಲಿ ಉಳಿದ ಹಿಟ್ಟು ಕಲಸಿ.

ಖಡಕ್ ರೊಟ್ಟಿ ಬೇಕಿದ್ದರೆ ಇನ್ನೂ ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ಪಸೆ ಪೂರ್ತಿ ಹೋಗುವವರೆಗೆ ಬೇಯಿಸಿ. ಪೂರ್ತಿ ಆರಿದ ಮೇಲೆಯೇ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ. ಬಿಸಿಯಿದ್ದಾಗ ಪ್ಲಾಸ್ಟಿಕ್‌ಗೆ ತುಂಬಿದರೆ ನಾಳೆಗೇ ಮೆತ್ತಗೆ, ನಾಡಿದ್ದಿಗೆ ಬೂಸು.

## ಹಂತ 9: ಬೇಳೆ, ಪುಂಡಿ, ಹಿಂಡಿ

ಬೇಳೆ ಮೂರು ಸೀಟಿಗೂ ಬೇಯಲಿಲ್ಲವೇ? ಬೇಳೆ ಹಳೆಯದಿರಬಹುದು. ಆದರೆ ಮೊದಲು ನೀರನ್ನು ಅನುಮಾನಿಸಿ. ಶಹಾಬಾದ್ ಕಲ್ಲು, ಸೇಡಂನ ಸಿಮೆಂಟು ಎಲ್ಲ ಬರುವುದು ನಮ್ಮ ನೆಲದ ಸುಣ್ಣದ ಕಲ್ಲಿನಿಂದಲೇ. ಅಂಥ ನೆಲದ ಬೋರ್‌ವೆಲ್ ನೀರು ಗಡಸು. ಅದರ ಸುಣ್ಣದಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಬೇಳೆಗೆ ಕುಡಿಯುವ ಸಿಹಿನೀರು ಹಾಕಿ. ಅರ್ಧ ಗಂಟೆ ನೆನೆಸಿಡಿ. ಹುಣಸೆ, ಟೊಮೆಟೊ ಬೇಳೆ ಬೆಂದ ಮೇಲೆ ಮಾತ್ರ.

ಪುಂಡಿ ಪಲ್ಯ ಕೆಡುವುದೂ ಇದೇ ತಪ್ಪಿನಿಂದ. ಪುಂಡಿ ಹುಳಿ ಸೊಪ್ಪು. ಬೇಳೆಯನ್ನು ಅದರ ಜೊತೆಗೇ ಬೇಯಲು ಹಾಕಿದರೆ ಬೇಳೆ ಗಟ್ಟಿ ಗಟ್ಟಿ. ಬೇಳೆ, ಜೋಳದ ನುಚ್ಚು ಮೊದಲು ಬೇಯಲಿ, ಆಮೇಲೆ ಸೊಪ್ಪು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ಕಚ್ಚುತ್ತದೆ. ಕೊಳ್ಳುವಾಗ ಎಲೆಯ ತೊಟ್ಟು ಮುರಿದು ನೋಡಿ, ಚಟ್ ಎನ್ನಬೇಕು. ಕೆಂಪು ದಂಟಿನದು ಹುಳಿ ಜಾಸ್ತಿ.

ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಶೇಂಗಾ ಕೊಳ್ಳುವಾಗ ಒಂದು ಕಾಳು ತಿನ್ನದೆ ಕೊಳ್ಳಬೇಡಿ. ಬೂಸು ಹಿಡಿದ, ಸುಕ್ಕುಗಟ್ಟಿದ, ಕಹಿ ಶೇಂಗಾ ಹುರಿದರೂ ಸರಿಯಾಗುವುದಿಲ್ಲ. ಎಸೆಯುವುದೇ ಸೈ. ಅಗಸಿ ಹಿಂಡಿ ಕಡಿಮೆ ಮಾಡಿ, ಬೇಗ ಮುಗಿಸಿ. ಅದರ ಎಣ್ಣೆ ಬೇಗ ಕಮಟು ಹಿಡಿಯುತ್ತದೆ.

ಊಟದ ಜೊತೆ ಮಜ್ಜಿಗೆ. ಬೆಂಗಳೂರಿನ ನೆಂಟರು ಒಮ್ಮೆ ಎಣಗಾಯಿಗೆಂದು ಕೆಂಪು ವೈನ್ ತಂದರು. ಒಗರು ವೈನ್, ನಮ್ಮ ಖಾರ ಎರಡೂ ಸೇರಿ ಬಾಯಿ ಇನ್ನಷ್ಟು ಉರಿಯಿತು. ತರಲೇಬೇಕೆಂದರೆ ತಣ್ಣಗಿನ, ಸ್ವಲ್ಪ ಸಿಹಿಯ ಬಿಳಿ ವೈನ್ ತರಲಿ. ಆದರೂ ಅವತ್ತು ಕೊನೆಗೆ ಎಲ್ಲರ ಕೈ ಹೋದದ್ದು ಮಜ್ಜಿಗೆ ಚರಿಗೆಗೇ.

## ಹರಿದ ರೊಟ್ಟಿ

ಇಷ್ಟಾದ ಮೇಲೂ ಮೊದಲ ವಾರ ಒಂದೆರಡು ಹರಿಯುತ್ತವೆ. ಆರಲು ಬಿಡಬೇಡಿ. ಬಿಸಿಯಿದ್ದಾಗಲೇ ಮುರಿದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಕಲ್ಲಲ್ಲಿ ಕುಟ್ಟಿ, ಮೇಲೆ ತುಪ್ಪ ಬಿಟ್ಟು ಮುಷ್ಟಿಯಲ್ಲಿ ಗಟ್ಟಿ ಒತ್ತಿ. ಮುಟಗಿ ಆಯಿತು. ನಮ್ಮ ಮನೆಯಲ್ಲಿ ಈಗ ಮುಟಗಿಗೆಂದೇ ಒಂದು ರೊಟ್ಟಿಯನ್ನು ಬೇಕಂತಲೇ ದಪ್ಪಗೆ ಬಡಿಯುತ್ತೇವೆ.